ಮುಚ್ಚಿಟ್ಟ ಮೂರು ಎಲೆ

ತನ್ನ ಇಸ್ಪೀಟಿನ ಎಲೆ ತಾನೇ ನೋಡದೆ ಟಗರು ಗೆದ್ದವನ ಕಥೆ ಇದು. ಗೆದ್ದವನು ಬೇರೆ ಯಾರೂ ಅಲ್ಲ, ನಾನೇ. ಹಾಗಾಗಿ ಅವರಿವರನ್ನು ಕೇಳಿ ಹೇಳಬೇಕಾದ ಕಷ್ಟ ಇಲ್ಲ. ಮಕ್ಕಳು ಮುಂದೆ ಬಂದು ಕೂತ್ಕೊಳ್ಳಿ. ಫೋನಿನಲ್ಲಿ ಓದುವವರು ಬೆರಳಿಂದ ಮೇಲಕ್ಕೆ ತಳ್ಳುತ್ತಾ ಬನ್ನಿ, ಅರ್ಧಕ್ಕೆ ಬಿಟ್ಟು ಹೋಗಬೇಡಿ.

ನಾನು ಶಾಲೆ ಕಂಡವನಲ್ಲ. ಕಂಡಿದ್ದರೂ ಮೇಷ್ಟ್ರು ಓಡಿಸುತ್ತಿದ್ದರು, ಎದುರಿಗೆ ಏನಿದ್ದರೂ ಬಾರಿಸುವ ಕೈ ನನ್ನದು. ನಮ್ಮದು ಮದುವೆ ಮನೆಗಳಿಗೆ ಹೋಗುವ ಬ್ಯಾಂಡ್ ಸೆಟ್. ಅದರಲ್ಲಿ ದೊಡ್ಡ ಡ್ರಮ್ಮು ನನ್ನದು. ಒಂದು ಸಲ ನಮ್ಮ ಕಲ್ಲುಕೊಪ್ಪಲಿನ ಛತ್ರದಲ್ಲಿ ಗಟ್ಟಿಮೇಳ ಬಾರಿಸಿದೆ. ಹೊಳೆ ಆಚೆ ಊರಿನಲ್ಲೂ ಅವತ್ತೇ ಮದುವೆ. ಅಲ್ಲಿನ ವರ ನನ್ನ ಡ್ರಮ್ಮು ಕೇಳಿ, ಮುಹೂರ್ತಕ್ಕೆ ಇನ್ನೂ ಹೊತ್ತಿದ್ದರೂ ಗಾಬರಿಯಲ್ಲಿ ತಾಳಿ ಕಟ್ಟಿಬಿಟ್ಟ. ಆ ಗಂಡ ಹೆಂಡತಿ ಇವತ್ತಿಗೂ ಚೆನ್ನಾಗಿದ್ದಾರೆ, ಬೇಕಾದರೆ ಹೋಗಿ ಕೇಳಿ.

ಮದುವೆ ಮನೆಯಲ್ಲಿ ಬ್ಯಾಂಡಿನವರಿಗೆ ಬಾರಿಸೋ ಕೆಲಸಕ್ಕಿಂತ ಕಾಯೋ ಕೆಲಸವೇ ಜಾಸ್ತಿ. ವರ ಸ್ನಾನ ಮಾಡಬೇಕು, ವಧುವಿನ ಜಡೆ ಮುಗಿಯಬೇಕು, ಪುರೋಹಿತರ ಸ್ಕೂಟರು ಬರಬೇಕು. ಅಲ್ಲೀತನಕ ನಾವು ಅಡುಗೆ ಮನೆ ಹಿಂದೆ ಜಮಖಾನ ಹಾಸಿಕೊಂಡು ಮೂರೆಲೆ ಆಡುತ್ತಿದ್ದೆವು. ವ್ಯಾನಿನ ಡ್ರೈವರು, ಫೋಟೋದವನು, ಅಡುಗೆ ಭಟ್ಟರು, ನಾವು. ಚಿಲ್ಲರೆ ಕಾಸಿನ ಆಟ, ಅದಕ್ಕಿಂತ ಮೇಲೆ ಹೋಗಬಾರದು ಅಂತ ಮೊದಲೇ ಮಾತು. ಮನೆ ಕಾಸು ಇಟ್ಟು ಆಡಿದವನು ಸಂಜೆ ಮನೆಗೆ ಹೋಗುವಾಗ ಹಿತ್ತಲ ಬಾಗಿಲು ಹುಡುಕುತ್ತಾನೆ. ನಾನು ಯಾವತ್ತೂ ತಲೆಬಾಗಿಲಿಂದಲೇ ಒಳಗೆ ಹೋದವನು. ಒಂದು ಮದುವೆಯಲ್ಲಂತೂ ಅಡುಗೆ ಭಟ್ಟರ ಚಿಲ್ಲರೆಯೆಲ್ಲ ಮುಗಿದು, ಮೊದಲ ಪಂಕ್ತಿಯನ್ನೇ ಪಣಕ್ಕೆ ಇಟ್ಟರು. ಗೆದ್ದೆ. ವರನ ಕಡೆಯವರಿಗಿಂತ ಮುಂಚೆ ನಮ್ಮ ಬ್ಯಾಂಡ್ ಸೆಟ್ಟು ಬಾಳೆ ಎಲೆ ಮುಂದೆ ಕೂತು ಪಾಯಸ ಉಂಡಿತು. ವರನ ಸೋದರಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದ, ಪಾಪ.

ಈ ಆಟ ನನಗೆ ಕಲಿಸಿದ್ದು ಕಾಳಯ್ಯ ಮಾವ, ನಮ್ಮವ್ವನ ತಮ್ಮ. ಕಲಿಸಿದ್ದು ಹೇಗೆ ಅಂತೀರಾ? ನಾನಿನ್ನೂ ಚಡ್ಡಿ ಹಾಕುತ್ತಿದ್ದ ಕಾಲ. ಕೊಬ್ಬರಿ ಮಿಠಾಯಿಯ ಒಂದು ತುಂಡು ನೆಲದ ಮೇಲೆ ಇಟ್ಟ, ಅದರ ಮೇಲೆ ಬಟ್ಟಲು ಬೋರಲು ಹಾಕಿದ. "ನಾನು ಬರೋಗಂಟ ಎತ್ತಿ ನೋಡ್ಬ್ಯಾಡ ಕಣ್ಲಾ" ಅಂದು ಹೊಲಕ್ಕೆ ಹೋದ. ನಾನು ಕೂತೆ. ಕೂತೇ ಇದ್ದೆ. ಮಾವ ಬಂದು ಬಟ್ಟಲು ಎತ್ತಿದರೆ ಒಳಗೆ ಮಿಠಾಯಿ ಇಲ್ಲ. ನಾನು ಕೂತಿದ್ದ ಹಾಗೇ ಇರುವೆಗಳು ಪೂರ್ತಿ ಹೊತ್ತುಕೊಂಡು ಹೋಗಿದ್ದವು.

ನಾನು ಅತ್ತೆ. ಮಾವ ನಕ್ಕ.

"ಎತ್ತಿ ನೋಡಿದ್ರೆ ಮಿಠಾಯಿ ಸಿಕ್ತಿತ್ತು. ನೋಡ್ನಿಲ್ಲ, ನಿಂಗೆ ಆಟ ಸಿಕ್ತು. ಬಾ, ಇವತ್ತಿಂದ ಹೇಳ್ಕೊಡ್ತೀನಿ" ಅಂದ. ಆಮೇಲೆ ಜೇಬಿಂದ ಇನ್ನೊಂದು ತುಂಡು ತೆಗೆದು ಕೊಟ್ಟ, ಅದು ಬೇರೆ ಮಾತು.

ಅವನು ಹೇಳಿಕೊಟ್ಟಿದ್ದು ಇಷ್ಟೇ. ಎಲೆ ಹಂಚಿದ ಕೂಡಲೇ ಎಲ್ಲರೂ ತಮ್ಮ ಎಲೆ ನೋಡ್ತಾರೆ. ನೀನು ಎಲೆ ನೋಡಬೇಡ, ನೋಡುವವರನ್ನು ನೋಡು. ನಿನ್ನ ಎಲೆ ಎಲ್ಲಿಗೂ ಓಡಿಹೋಗಲ್ಲ.

ಈಗ ಟಗರಿನ ವಿಷಯಕ್ಕೆ ಬರ್ತೀನಿ.

ನಮ್ಮ ಕಡೆ ಯುಗಾದಿ ದಿನ ಒಬ್ಬಟ್ಟು ಉಂಡ ಮೇಲೆ ಇಸ್ಪೀಟು ಆಡುವುದು ರೂಢಿ. ಮಾರನೇ ದಿನ ಹೊಸತೊಡಕು, ಅವತ್ತು ಯಾರ ಮನೆಯಲ್ಲಿ ಬಾಡಿನ ಸಾರು ಕುದಿಯಲಿಲ್ಲವೋ ಅವರ ಮನೆಗೆ ವರ್ಷ ಹುಟ್ಟಲೇ ಇಲ್ಲ ಅಂತ ಲೆಕ್ಕ. ನಮ್ಮೂರಿನ ಹಿರಿಯರು ಬೋರಲಿಂಗೇಗೌಡರು, ಕಾಸಿನ ಜೂಜು ಕಂಡರೆ ಕೆಂಡವಾಗೋರು. ಅವರೇ ಒಂದು ಉಪಾಯ ಮಾಡಿದ್ದರು. ಪ್ರತಿ ಯುಗಾದಿಗೂ ಆಲೆಮನೆಯ ನೆರಳಲ್ಲಿ ಮೂರೆಲೆ ಟೂರ್ನಮೆಂಟು. ಕಾಸು ಇಲ್ಲ, ಹುಣಿಸೆ ಬೀಜ. ಆಡೋಕೆ ಬಂದವರಿಗೆಲ್ಲ ಒಂದೇ ಅಳತೆಯಲ್ಲಿ ಬೀಜ ಅಳೆದು ಕೊಡೋರು. ಹೊರಗಿನ ಬೀಜ ಸೇರಬಾರದು ಅಂತ ಅರಿಶಿನದಲ್ಲಿ ಅದ್ದಿ ಒಣಗಿಸಿದ ಬೀಜ. ಕೊನೆಗೆ ಉಳಿದವನಿಗೆ ಊರ ಕಡೆಯಿಂದ ಒಂದು ಟಗರು.

ಆ ವರ್ಷದ ಟಗರು ಬನ್ನೂರು ತಳಿ. ಅದರ ನೆರಳಲ್ಲಿ ನಾಲ್ಕು ಜನ ಕೂತು ಊಟ ಮಾಡಬಹುದಿತ್ತು. ಅದು ಮೈ ಕೊಡವಿದರೆ ಪಕ್ಕದ ಬೇವಿನ ಮರದಿಂದ ಹೂವು ಉದುರುತ್ತಿತ್ತು. ಹುಲ್ಲು ಹಾಕೋಕೆ ಹೋದವನನ್ನೇ ಒಂದು ಸಲ ಮೇಲಿಂದ ಕೆಳಗೆ ನೋಡಿ, ಇವನು ಸಾಲಲ್ಲ ಅನ್ನೋ ಹಾಗೆ ಮುಖ ತಿರುಗಿಸಿತ್ತು.

ಆ ಟಗರು ನನಗೆ ಬೇಕೇ ಬೇಕಾಗಿತ್ತು. ಯಾಕೆ ಅಂದರೆ ಅದೇ ವರ್ಷ ನನ್ನ ಮಗಳು ಜಯಶೀಲಳ ಮದುವೆ ಆಗಿತ್ತು. ಮದುವೆಯಾದ ಮೇಲೆ ಬೀಗರು ಮಂಚಯ್ಯ ಅವರೂರಲ್ಲಿ ಬೀಗರೂಟ ಹಾಕಿಸಿದ್ದರು. ಊರಿಗೆ ಊರೇ ಉಂಡಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಆಮೇಲೆ ಬೀಗಿತ್ತಿ ನನ್ನ ಮಗಳಿಗೆ ಒಂದು ಮಾತು ಅಂದಿದ್ದರಂತೆ. "ನಿಮ್ಮಪ್ಪಂಗೆ ಡ್ರಮ್ಮು ಬಾರಿಸೋಕೆ ಬತ್ತದೆ. ಬಾಡು ಬೇಯ್ಸೋಕೆ ಬತ್ತದಾ?" ಮಗಳು ಅದನ್ನು ಅವರವ್ವನಿಗೆ ಹೇಳಿ ಕಣ್ಣೊರೆಸಿಕೊಂಡಳು. ಅವರವ್ವ ನನಗೆ ಹೇಳಿದಳು. ನಾನು ನೇರವಾಗಿ ಬೀಗರ ಊರಿಗೆ ಹೋದೆ, ಅವರ ಜಗಲಿಯ ಮೇಲೆ ಕೂತು, ದಾರಿಯಲ್ಲಿ ಹೋಗುವವರಿಗೂ ಕೇಳಿಸುವ ಹಾಗೆ ಹೇಳಿಬಂದೆ.

"ಬೀಗ್ರೇ, ಮಗಳ ಮೊದಲ ಯುಗಾದಿ. ನೀವೆಲ್ಲ ಬರ್ಬೇಕು. ನಮ್ಮೂರ ಟೂರ್ನಮೆಂಟಿನ ಟಗರು ನಂದೇ. ಹೊಸತೊಡಕಿಗೆ ಅದನ್ನೇ ಹಾಕ್ತೀನಿ."

ಮನೆಗೆ ಬಂದರೆ ಹೆಂಡತಿ ಸಾಕಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ಆಟ ಇನ್ನೂ ಆಗಿಲ್ಲ. ಟಗರು ಇನ್ನೂ ಗೌಡ್ರ ಕೊಟ್ಟಿಗೇಲದೆ. ನೀವು ಆಗ್ಲೇ ಬೀಗ್ರ ತಟ್ಟೆಗೆ ಹಾಕ್ಬುಟ್ಟು ಬಂದ್ರಾ?"

"ಮಸಾಲೆ ಹುರಿದಿಟ್ಕೊ" ಅಂದೆ.

"ಸೋತ್ರೆ?"

"ಸೋಲದು ನಂಗೆ ಯಾರೂ ಕಲ್ಸಿಲ್ಲ ಕಣೆ."

"ಸೋತ್ರೆ ನಿಮಗೇನು, ಡ್ರಮ್ಮು ತಗುಲಾಕೊಂಡು ಹೋಯ್ತೀರಾ. ಆ ಮನೇಲಿ ತಲೆ ಬಗ್ಗಿಸ್ಕೊಂಡು ಪಾತ್ರೆ ತೊಳೆಯೋಳು ನನ್ನ ಮಗಳು" ಅಂದಳು ಸಾಕಮ್ಮ. ಅದಕ್ಕೆ ಉತ್ತರ ಟಗರೇ ಕೊಡಬೇಕಾಗಿತ್ತು.

ಯುಗಾದಿ ಬಂತು, ಬೀಗರು ಬಂದರು, ಬೀಗಿತ್ತಿ ಬಂದರು, ಅಳಿಯ ಮಗಳು ಬಂದರು. ಒಬ್ಬಟ್ಟು ಉಂಡು ಮಂಚಯ್ಯನವರನ್ನು ಕರೆದುಕೊಂಡೇ ಆಲೆಮನೆಗೆ ಹೋದೆ. ಹಬ್ಬ ಅಂತ ಗಾಣ ನಿಂತಿತ್ತು, ಕೊಪ್ಪರಿಗೆ ಆರಿತ್ತು, ಬೆಲ್ಲದ ವಾಸನೆ ಮಾತ್ರ ಚಪ್ಪರದಲ್ಲಿ ಹಾಗೇ ಇತ್ತು. ಬೋರಲಿಂಗೇಗೌಡರು ಎದ್ದು ನಿಂತು ಕಟ್ಟಳೆ ಹೇಳಿದರು.

"ಎಲ್ಲ ಕೇಳಿಸ್ಕಳಿ. ಎಲೆ ನೋಡ್ದೆ ಆಡೋನು ಒಂದು ಬೀಜ ಹಾಕಿದ್ರೆ, ನೋಡ್ಕಂಡು ಆಡೋನು ಎರಡು ಹಾಕ್ಬೇಕು. ಅದಕ್ಕಿಂತ ಏರಿಸಂಗಿಲ್ಲ. ನೋಡಿದೋನು ನೋಡದೇ ಇರೋನ ಎಲೆ ಬಿಚ್ಚು ಅನ್ನಂಗಿಲ್ಲ. ಇಬ್ರೂ ನೋಡಿದ್ರೆ ಮಾತ್ರ ಬಿಚ್ಚಿಸಬೋದು. ಆಟದ ನಡುವೆ ಬೀಜ ಸಾಲದೇ ಹೋದ್ರೆ ಎಲೆ ಎಸೆದು ಏಳ್ಬೇಕು. ಚಂದ್ರ ಕಾಣೋಗಂಟ ಆಟ. ಚಂದ್ರ ಕಂಡಾಗ ಇಬ್ರು ಉಳಿದಿದ್ರೆ ಯಾರ ಗುಡ್ಡೆ ದೊಡ್ಡದೋ ಅವರದು ಟಗರು."

ಈ ಕಟ್ಟಳೆ ನಮ್ಮೂರಿನವರಿಗೆಲ್ಲ ಬಾಯಿಪಾಠ. ಆದರೆ ಆ ವರ್ಷ ಹೊರಗಿನವನು ಒಬ್ಬ ಬಂದಿದ್ದ. ಹೆಸರು ಜವರಪ್ಪ. ಕಪ್ಪು ಕೂಲಿಂಗ್ ಗ್ಲಾಸು, ಕತ್ತಿಗೆ ಕರ್ಚೀಫು. ಯುಗಾದಿ ಬಂತು ಅಂದರೆ ಊರೂರು ಸುತ್ತಿ ಇಂಥ ಟೂರ್ನಮೆಂಟುಗಳಲ್ಲಿ ಗೆದ್ದು ಟಗರು ಹೊಡೆದುಕೊಂಡು ಹೋಗುವವನು. ಹಿಂದಿನ ವರ್ಷ ಮೂರು ಊರಿನ ಟಗರು ಒಂದೇ ಆಟೋದಲ್ಲಿ ಹಾಕಿಕೊಂಡು ಹೋದನಂತೆ, ಡ್ರೈವರು ಕೂರೋಕೆ ಜಾಗ ಇಲ್ಲದೆ ಟಗರಿನ ಮೇಲೆ ಕೂತು ಓಡಿಸಿದನಂತೆ. ಗೌಡರು ಕಟ್ಟಳೆ ಹೇಳುವಾಗ ಈ ಜವರಪ್ಪ ಅಡಿಕೆ ಕತ್ತರಿಸುತ್ತಾ ಕೂತಿದ್ದ.

"ಕೇಳಿಸ್ಕಂಡ್ಯೇನಪ್ಪಾ?" ಅಂದರು ಗೌಡರು.

"ಎಲ್ಲಾ ಊರಲ್ಲೂ ಆಡಿವ್ನಿ ಬುಡಿ ಗೌಡ್ರೆ. ಮೂರೆಲೆ ಎಲ್ಲಾದ್ರೂ ಮೂರೇ ಎಲೆ" ಅಂದ. ಜನ ನಕ್ಕರು. ನಾನೂ ನಕ್ಕೆ.

ಆಟ ಶುರುವಾಯಿತು. ಜವರಪ್ಪ ಚೆನ್ನಾಗಿ ಆಡುತ್ತಿದ್ದ, ಸುಳ್ಳು ಹೇಳಬಾರದು. ಕಣ್ಣು ಕೂಲಿಂಗ್ ಗ್ಲಾಸಿನ ಹಿಂದೆ, ಮುಖದಲ್ಲಿ ಏನೂ ಇಲ್ಲ. ಒಬ್ಬೊಬ್ಬರೇ ಬೀಜ ಕಳೆದುಕೊಂಡು ಎದ್ದು ಹೋದರು. ಆದರೆ ಅವನು ಬಾಯಿ ಮುಚ್ಚಿಕೊಳ್ಳುವುದನ್ನು ಮರೆತಿದ್ದ. ಆಟದ ಉದ್ದಕ್ಕೂ ಅಡಿಕೆ ಜಗಿಯುತ್ತಿದ್ದ. ನೀವಾಗಿದ್ದರೆ ಅದನ್ನು ನೋಡುತ್ತಿದ್ದಿರಿ, ನಾನು ಕೇಳುತ್ತಿದ್ದೆ. ಡ್ರಮ್ಮಿನವನ ಕಿವಿಗೆ ಏನು ಕೇಳಿದರೂ ತಾಳವೇ. ಕಚಕ್, ಕಚಕ್, ಕಚಕ್ ಅಂತ ಒಂದೇ ಲಯದಲ್ಲಿ ಜಗಿಯುವವನು, ಒಳ್ಳೆ ಎಲೆ ಬಂದಾಗ ಮಾತ್ರ ಗಕ್ಕನೆ ನಿಲ್ಲಿಸುತ್ತಿದ್ದ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು, ಅಷ್ಟೇ. ಆಮೇಲೆ ಮತ್ತೆ ಕಚಕ್ ಕಚಕ್. ಅದು ನಿಂತಾಗೆಲ್ಲ ನಾನು ಎಲೆ ಎಸೆಯುತ್ತಿದ್ದೆ. ಒಂದು ಸಲ ಆಮೇಲೆ ಎಲೆ ಎತ್ತಿ ನೋಡಿದರೆ ಎರಡು ರಾಣಿ, ಆದರೂ ಎಸೆದೆ. ಮಂಚಯ್ಯ ಹಿಂದಿನಿಂದ ನನ್ನ ಬೆನ್ನು ತಿವಿದರು.

"ಅಯ್ಯೋ ಬೀಗ್ರೇ, ಜೋಡಿ ರಾಣಿ ಬುಟ್ಬುಟ್ರಲ್ಲಾ!"

"ಮನೇಲಿ ಒಬ್ಬಳು ರಾಣಿ ಅವ್ಳೆ, ಸಾಕು" ಅಂದೆ.

ಹಾಗೂ ಹೀಗೂ ಹೊತ್ತು ಇಳಿಯುವ ವೇಳೆಗೆ ಚಾಪೆಯ ಮೇಲೆ ಇಬ್ಬರೇ ಉಳಿದೆವು, ನಾನು ಮತ್ತು ಜವರಪ್ಪ. ಅವನ ಮುಂದಿನ ಗುಡ್ಡೆ ಹೆಚ್ಚು ಕಡಿಮೆ ನನ್ನದರ ಎರಡರಷ್ಟಿತ್ತು. ಪಡುವಣ ದಿಕ್ಕು ಕೆಂಪಾಗಿತ್ತು. ಆಗಲೇ ಜನ ಆಲೆಮನೆಯಿಂದ ಹೊರಗೆ ಬಂದು ಹಣೆಗೆ ಕೈ ಅಡ್ಡ ಇಟ್ಟುಕೊಂಡು ಯುಗಾದಿ ಚಂದ್ರನನ್ನು ಹುಡುಕುತ್ತಿದ್ದರು. ಚಂದ್ರ ಕಂಡರೆ ಆಟ ಮುಗಿಯಿತು, ದೊಡ್ಡ ಗುಡ್ಡೆಯವನದು ಟಗರು.

ಬೋರಲಿಂಗೇಗೌಡರು ಎಲೆ ಕಲಸುತ್ತಾ ಅಂದರು, "ಇದೇ ಕೊನೆ ಆಟ ಅನ್ಸುತ್ತೆ ಕಣ್ರಪ್ಪಾ."

ಹಂಚಿದರು. ಇಬ್ಬರ ಮುಂದೆಯೂ ಮೂರು ಮೂರು ಎಲೆ. ಮೊದಲ ಸರದಿ ಜವರಪ್ಪನದು. ಅವನು ಎಂದಿನಂತೆ ತಟ್ಟನೆ ಎತ್ತಿ ನೋಡಿದ. ನಾನು ಎಂದಿನಂತೆ ಎಲೆ ಮುಟ್ಟದೆ ಕೇಳಿಸಿಕೊಂಡೆ.

ಕಚಕ್, ಕಚಕ್.

ನಿಂತಿತು.

ನಿಂತದ್ದು ನಿಂತೇ ಇತ್ತು. ಈ ಸಲ ಬರೀ ಒಂದು ಉಸಿರಿನಷ್ಟು ಹೊತ್ತಲ್ಲ. ಬಾಯಲ್ಲಿದ್ದ ಅಡಿಕೆಯನ್ನು ಹಾಗೇ ನುಂಗಿಬಿಟ್ಟ, ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬಂತು. ಇಂಥ ಎಲೆ ಅವನು ಹುಟ್ಟಿದ ಮೇಲೆ ಕಂಡಿಲ್ಲ ಅಂತ ನನಗೆ ಗೊತ್ತಾಯಿತು. ಎರಡು ಬೀಜ ಎತ್ತಿ ನಡುವೆ ಹಾಕಿದ.

ಈಗ ನನ್ನ ಸರದಿ. ಎಲೆ ಎಸೆದರೆ ಅಷ್ಟರಲ್ಲಿ ಚಂದ್ರ ಕಾಣುತ್ತಾನೆ, ಟಗರು ಅವನದು. ಎತ್ತಿ ನೋಡಿದರೆ ಇಬ್ಬರೂ ನೋಡಿದ ಹಾಗಾಯಿತು. ಅವನು ಬಿಚ್ಚು ಅಂತಾನೆ, ಬಿಚ್ಚಿದರೆ ಅವನ ಎಲೆಗೆ ನನ್ನ ಎಲೆ ಎಲ್ಲಿ ಸಮ? ಆಗಲೂ ಟಗರು ಅವನದೇ. ಎರಡು ದಾರಿಯ ಕೊನೆಯಲ್ಲೂ ನನ್ನ ಮಗಳು ತಲೆ ಬಗ್ಗಿಸಿಕೊಂಡು ಪಾತ್ರೆ ತೊಳೆಯುತ್ತಾ ಕೂತಿದ್ದಳು.

ಮಾವನ ಬಟ್ಟಲು ನೆನಪಾಯಿತು. ಎಲೆಯನ್ನು ಮುಟ್ಟದೆ ಒಂದು ಬೀಜ ಎತ್ತಿ ಹಾಕಿದೆ.

ಅವನು ಎರಡು ಹಾಕಿದ. ನಾನು ಒಂದು. ಅವನು ಎರಡು. ನಾನು ಒಂದು.

ಸ್ವಲ್ಪ ಹೊತ್ತು ಹೀಗೇ ನಡೆಯಿತು. ಜವರಪ್ಪನಿಗೆ ರೇಗಿತು.

"ಏನಣ್ಣಾ, ನೋಡಕ್ಕಿಲ್ವಾ?"

"ಅವಸರ ಏನಪ್ಪಾ."

"ಸರಿ, ಹಾಕ್ತಾ ಇರು. ಬೀಜ ಮುಗಿದ ಮೇಲೆ ಹೆಂಗೂ ಬಿಚ್ಚಲೇಬೇಕಲ್ಲ."

ಬೋರಲಿಂಗೇಗೌಡರು ಕೆಮ್ಮಿದರು. "ಇಲ್ಲಿ ಹಂಗಿಲ್ಲ ಕಣಪ್ಪಾ ಜವರಪ್ಪ. ಬೀಜ ಸಾಲದೋನು ಎಲೆ ಎಸೆದು ಏಳೋದೇ. ಮೊದ್ಲೇ ಹೇಳಿದ್ನಲ್ಲ, ನೀನು ಅಡಿಕೆ ಕತ್ತರಿಸ್ತಿದ್ದೆ."

ಜವರಪ್ಪ ತನ್ನ ಗುಡ್ಡೆ ನೋಡಿಕೊಂಡ. ನನ್ನ ಗುಡ್ಡೆ ನೋಡಿದ. ಅವನದು ಇನ್ನೂ ದೊಡ್ಡದೇ, ಆದರೆ ಎರಡೆರಡು ಇಳಿಯುತ್ತಿತ್ತು. ಕೂಲಿಂಗ್ ಗ್ಲಾಸು ತೆಗೆದು ಪಕ್ಕಕ್ಕಿಟ್ಟ. ಆಗ ಅವನು ಎಲೆ ಎಸೆದು ಎದ್ದಿದ್ದರೆ ಅವನ ಹತ್ತಿರ ಅರ್ಧ ಗುಡ್ಡೆ ಉಳಿದಿರೋದು, ಇನ್ನೊಂದು ಆಟಕ್ಕೆ ದಾರಿ ಇರೋದು. ಕೆಟ್ಟ ಎಲೆ ಬಂದಿದ್ದರೆ ಎದ್ದೇ ಬಿಡುತ್ತಿದ್ದ. ಒಳ್ಳೆಯ ಎಲೆಯೇ ಅವನ ಕಾಲು ಹಿಡಿದು ಕೂರಿಸಿತು. ಅಂಥ ಎಲೆಯನ್ನು ಯಾರು ತಾನೇ ಎಸೆದಾರು? ಅವನಿಗೆ ಒಂದು ಧೈರ್ಯವೂ ಇತ್ತು. ಮೂರು ಎಲೆ ಮುಂದೆ ಮುಚ್ಚಿಟ್ಟುಕೊಂಡು ನೋಡದೆ ಕೂತವನನ್ನು ಅವನು ಯಾವ ಊರಲ್ಲೂ ಕಂಡಿರಲಿಲ್ಲ. ಎಲ್ಲರ ಕೈಯೂ ತುರಿಸುತ್ತೆ. ನನ್ನದೂ ತುರಿಸುತ್ತೆ ಅಂತ ಕಾದ.

ಬರೀ ಕಾಯಲಿಲ್ಲ, ಕೆರೆಯೋಕೆ ಶುರು ಮಾಡಿದ.

"ಅಣ್ಣಾ, ನಿನ್ನತ್ರ ಮೂರು ಎಕ್ಕ ಇರಬೋದು. ಒಂದ್ಕಿತ ನೋಡ್ಬಾರ್ದಾ?"

ನಾನು ಒಂದು ಬೀಜ ಹಾಕಿದೆ.

"ಓದು ಬರಹ ಇಲ್ಲ ಅಂತಾರೆ, ಎಲೇನೂ ಓದಕ್ಕೆ ಬರಕ್ಕಿಲ್ವಾ? ನಾನು ಬೇಕಾದ್ರೆ ಓದಿ ಹೇಳ್ತೀನಿ."

ಜನ ಹೋ ಅಂದರು. ನಾನು ಒಂದು ಬೀಜ ಹಾಕಿದೆ.

"ಬಾರಿಸಿ ಬಾರಿಸಿ ಕಣ್ಣಿಗೆ ಮಬ್ಬು ಬಂದಿರ್ಬೇಕು ಕಣ್ರೋ, ಅದಕ್ಕೆ ನೋಡ್ತಿಲ್ಲ!"

ಒಂದು ಬೀಜ.

ಜವರಪ್ಪನ ಬಾಯಿಗೆ ನಾನು ಹೆದರುವವನಲ್ಲ. ನನಗೆ ಕಷ್ಟ ಬಂದದ್ದು ಹಿಂದಿನಿಂದ. ಮಂಚಯ್ಯ ಬೆವರುತ್ತಿದ್ದರು. ನನ್ನ ಕಿವಿಗೆ ಬಾಯಿಟ್ಟು ಅಂದರು, "ಬೀಗ್ರೇ, ನಿಮ್ಮ ದಮ್ಮಯ್ಯ, ಒಂದು ಎಲೆ, ಒಂದೇ ಒಂದು ಎಲೆ ಮೂಲೆ ಎತ್ತಿ ನೋಡಿ. ಟೂರ್ನಮೆಂಟಿನ ಟಗರು ಉಂಡು ಬತ್ತೀನಿ ಅಂತ ನಮ್ಮೂರಲ್ಲೆಲ್ಲ ಹೇಳ್ಬುಟ್ಟು ಬಂದಿವ್ನಿ!"

ಆಗ ನನಗೂ ಕೈ ತುರಿಸಿತು. ಸುಮ್ಮನೆ ಅಲ್ಲ, ಬೆಂಕಿ ಹಚ್ಚಿದ ಹಾಗೆ ತುರಿಸಿತು. ಆ ಮೂರು ಎಲೆ ಚಾಪೆಯ ಮೇಲೆ ಮಲಗಿಕೊಂಡು ನನ್ನ ಹೆಸರು ಹಿಡಿದು ಕರೆಯುತ್ತಿದ್ದವು ಅಂದರೆ ನಂಬಿ. ಬಲಗೈ ತಾನಾಗಿ ಮುಂದೆ ಹೋಯಿತು. ಎಡಗೈಯಿಂದ ಅದನ್ನು ಹಿಡಿದು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತೆ. ಅಲ್ಲಿಂದ ಮುಂದಕ್ಕೆ ಎಡಗೈಯಲ್ಲೇ ಆಡಿದೆ.

ಎರಡು. ಒಂದು. ಎರಡು. ಒಂದು.

ನನ್ನ ಗುಡ್ಡೆ ಹಿಡಿಯಾಯಿತು, ಹಿಡಿ ಚಿಟಿಕೆಯಾಯಿತು. ಚಂದ್ರ ನೋಡೋಕೆ ಹೊರಗೆ ಹೋದವರೂ ವಾಪಸು ಬಂದು ಬಗ್ಗಿ ನಿಂತರು. ಕೊನೆಗೆ ನನ್ನ ಮುಂದೆ ಉಳಿದದ್ದು ಒಂದೇ ಬೀಜ. ಜವರಪ್ಪನ ಮುಂದೆ ಮೂರು. ಸರದಿ ಅವನದು.

ಅವನು ನನ್ನ ಮುಖ ನೋಡಿದ. ನನ್ನ ಎಲೆ ನೋಡಿದ. ಎರಡು ಬೀಜ ಹಾಕಿದ. ಒಂದು ಉಳಿಯಿತು.

"ಇನ್ನಾದ್ರೂ ನೋಡಣ್ಣಾ" ಅಂದ. ಈಗ ಅದರಲ್ಲಿ ಕೀಟಲೆ ಇರಲಿಲ್ಲ, ಬೇಡಿಕೊಳ್ಳುತ್ತಿದ್ದ.

ನಾನು ನನ್ನ ಕೊನೆಯ ಬೀಜವನ್ನು ಎತ್ತಿ ನಡುವೆ ಇಟ್ಟೆ. ನನ್ನ ಮುಂದೆ ಈಗ ಖಾಲಿ ಚಾಪೆ, ಮುಚ್ಚಿಟ್ಟ ಮೂರು ಎಲೆ.

ಅವನ ಕೈಯಲ್ಲಿ ಒಂದೇ ಬೀಜ. ಹಾಕಬೇಕಾದದ್ದು ಎರಡು. ಜೇಬು ತಡಕಿದ. ಚಾಪೆ ಎತ್ತಿ ಕೊಡವಿದ. ಕತ್ತಿನ ಕರ್ಚೀಫು ಬಿಚ್ಚಿ ನೋಡಿದ. ಹೊರಗೆ ಹುಣಿಸೆ ಮರದ ಬುಡದಲ್ಲಿ ಸಾವಿರ ಬೀಜ ಬಿದ್ದಿದ್ದವು, ಅರಿಶಿನ ಹಚ್ಚಿದ್ದು ಒಂದೂ ಇರಲಿಲ್ಲ.

"ಏಳಪ್ಪಾ ಜವರಪ್ಪ" ಅಂದರು ಗೌಡರು.

ಜವರಪ್ಪ ತನ್ನ ಎಲೆಗಳನ್ನು ಅಂಗಾತ ಎಸೆದ. ಮೂರು ರಾಜ, ಮೂರು ಎಕ್ಕ ಬಿಟ್ಟರೆ ಅದನ್ನು ಮೀರಿಸೋ ಎಲೆ ಇಲ್ಲ. ಇಸ್ಪೀಟು, ಆಟೀನು, ಕಳಾವರ್, ಮೂವರೂ ಗಡ್ಡ ಬಿಟ್ಟುಕೊಂಡು ಚಾಪೆಯ ಮೇಲೆ ಮಲಗಿದ್ದರು. ಅಷ್ಟರಲ್ಲಿ ಹೊರಗಿನಿಂದ ಯಾರೋ ಕೂಗಿದರು, "ಚಂದ್ರ! ಚಂದ್ರ ಕಾಣಿಸ್ತಾವ್ನೆ!"

ಎಲ್ಲರೂ ಎದ್ದು ಹೊರಗೆ ಓಡಿದರು. ಕಬ್ಬಿನ ಗದ್ದೆ ಮೇಲೆ ಉಗುರಿನಷ್ಟು ಚಂದ್ರ. ಕೈ ಮುಗಿದೆವು. ಚಂದ್ರನನ್ನು ಕಂಡ ಮೇಲೆ ದೊಡ್ಡವರ ಕಾಲು ಮುಟ್ಟುವುದು ನಮ್ಮಲ್ಲಿ ಪದ್ಧತಿ. ಜವರಪ್ಪ ನನಗಿಂತ ಚಿಕ್ಕವನು. ಬಂದ, ಬಗ್ಗಿ ನನ್ನ ಕಾಲು ಮುಟ್ಟಿದ. ಮುಟ್ಟಿದವನು ಮೇಲೆ ಏಳಲೇ ಇಲ್ಲ.

"ಅಣ್ಣಾ, ನಿನ್ನ ಎಲೆ ಏನಿತ್ತು?"

"ನಂಗೂ ಗೊತ್ತಿಲ್ಲ ಕಣಪ್ಪಾ."

"ಸುಳ್ಳು."

"ನನ್ನ ಮಗಳಾಣೆ ಗೊತ್ತಿಲ್ಲ. ಏಳು ಮೇಲೆ. ನಾಳೆ ನಮ್ಮನೇಲೇ ಊಟ ನಿಂಗೆ. ಟಗರು ನಾನು ಗೆದ್ದಿದ್ದು, ಸೋತೋನೂ ಉಂಡ್ರೆ ಅದಕ್ಕೂ ಮರ್ಯಾದೆ."

ಮಾರನೇ ದಿನ ಹೊಸತೊಡಕು. ಆ ಸಾರಿನ ಘಮಲು ಹೇಗಿತ್ತು ಅಂದರೆ, ಪೇಟೆಗೆ ಹೋಗುವ ಬಸ್ಸು ನಮ್ಮ ಮನೆ ಮುಂದೆ ತಾನಾಗಿ ನಿಂತಿತು. ಕಂಡಕ್ಟರು ಸೀಟಿ ಊದಿದರೂ ಹೊರಡಲಿಲ್ಲ. ಡ್ರೈವರಿಗೆ ಒಂದು ತಟ್ಟೆ ಕೊಟ್ಟ ಮೇಲೆ ಹೊರಟಿತು. ಬೀಗಿತ್ತಿ ಮೂರು ಸಲ ಮುದ್ದೆ ಹಾಕಿಸಿಕೊಂಡರು. ಮೂರನೇ ಸಲ ಬಡಿಸುತ್ತಾ ನನ್ನ ಮಗಳು ಕೇಳಿದಳು, "ಅತ್ತೆ, ನಮ್ಮಪ್ಪಂಗೆ ಬಾಡು ಬೇಯ್ಸೋಕೆ ಬತ್ತದಾ?" ಬೀಗಿತ್ತಿ ಮೂಳೆ ಚೀಪುತ್ತಾ ತಲೆ ಆಡಿಸಿದರು. ಬಾಯಿಗೆ ಬಿಡುವಿರಲಿಲ್ಲ. ಒಳಗಿಂದ ಸಾಕಮ್ಮ, "ಬೇಯ್ಸಿದ್ದು ನಾನು" ಅಂದಳು. ಅದೂ ನಿಜವೇ.

ಕಥೆ ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ನನಗೆ ನಿಜವಾದ ಪರೀಕ್ಷೆ ಬಂದದ್ದು ಊಟ ಆದ ಮೇಲೆ.

ಜಗಲಿಯ ಮೇಲೆ ಕೂತಿದ್ದೆ. ಮಂಚಯ್ಯ ಬಂದು ಪಕ್ಕದಲ್ಲಿ ಕೂತರು. ಅತ್ತ ಇತ್ತ ನೋಡಿದರು. ದನಿ ತಗ್ಗಿಸಿದರು.

"ಬೀಗ್ರೇ. ನೆನ್ನೆ ಎಲ್ಲ ಚಂದ್ರ ನೋಡಕ್ಕೆ ಓಡೋದ್ರಲ್ಲ, ಆಗ ಎಲೆ ಒಟ್ಟು ಮಾಡ್ದೋನು ನಾನು."

"ಸರಿ."

"ನಿಮ್ಮ ಮೂರು ಎಲೆ ನೋಡ್ದೆ."

ಕಂಬಕ್ಕೆ ಒರಗಿ ಕೂತಿದ್ದ ಜವರಪ್ಪ ಅಡಿಕೆ ಜಗಿಯುವುದನ್ನು ನಿಲ್ಲಿಸಿದ.

ಮಂಚಯ್ಯನವರ ಬಾಯಿ ತೆರೆಯಿತು. ನಾನು ಕೈ ಎತ್ತಿ ಅವರ ಬಾಯಿ ಮುಚ್ಚಿದೆ. ಬೀಗರ ಬಾಯಿ ಮುಟ್ಟುವುದು ಮರ್ಯಾದೆ ಅಲ್ಲ, ಗೊತ್ತು. ಆದರೂ ಮುಚ್ಚಿದೆ.

"ಹೇಳ್ಬ್ಯಾಡಿ."

"ಯಾಕ್ರೀ? ಆಟ ಮುಗೀತು, ಟಗರು ಹೊಟ್ಟೇಲದೆ. ಈಗ ತಿಳ್ಕಂಡ್ರೆ ಏನು ನಷ್ಟ?"

"ಒಳ್ಳೆ ಎಲೆ ಇತ್ತು ಅಂತೀರಾ ಅಂದ್ಕಳಿ. ಆಗ ಗೆದ್ದಿದ್ದು ನಾನಲ್ಲ, ಎಲೆ ಅಂತ ಆಯ್ತದೆ. ಮುಂದಿನ ಸಲ ಎಲೆ ನಂಬ್ಕಂಡು ಕೂತ್ಕತೀನಿ. ಕೆಟ್ಟ ಎಲೆ ಇತ್ತು ಅಂತೀರಾ ಅಂದ್ಕಳಿ. ಅಯ್ಯೋ, ಇಂಥ ಎಲೆ ಇಟ್ಕಂಡು ಕೂತಿದ್ನಾ ಅಂತ ಮುಂದಿನ ಸಲ ಹೆದರ್ಕಂಡು ಎತ್ತಿ ನೋಡ್ಬುಡ್ತೀನಿ. ಎರಡರಲ್ಲಿ ಯಾವುದ ಕೇಳಿದ್ರೂ ನನ್ನ ಆಟ ಕೆಡ್ತದೆ ಬೀಗ್ರೇ. ನೀವೇ ಇಟ್ಕಳಿ."

ಮಂಚಯ್ಯ ಎರಡೂ ಕೈ ಎತ್ತಿ ನನಗೆ ಮುಗಿದರು. ಬೀಗರೂಟ ಹಾಕಿಸಿದ ಮನುಷ್ಯ, ಹೆಣ್ಣು ಕೊಟ್ಟವನಿಗೆ ಕೈ ಮುಗಿದರು. ಒಳಗೆ ಬಾಗಿಲ ಸಂದಿಯಲ್ಲಿ ನನ್ನ ಮಗಳು ನಿಂತು ನೋಡುತ್ತಿದ್ದಳು, ತಲೆ ಎತ್ತಿಕೊಂಡು. ನನಗೆ ಟಗರಿಗಿಂತ ಅದು ದೊಡ್ಡದು.

ಜವರಪ್ಪನಿಗೆ ಮಾತ್ರ ತಡೆಯಲಾಗಲಿಲ್ಲ. ಮಂಚಯ್ಯನವರ ಹಿಂದೆಯೇ ಬಸ್ ಸ್ಟಾಪಿನವರೆಗೂ ಹೋದ. ಕೂಲಿಂಗ್ ಗ್ಲಾಸು ಕೊಡ್ತೀನಿ ಅಂದ, ಬೀಗರು ಹೇಳಲಿಲ್ಲ. ಆ ಬಸ್ಸೇ ಹತ್ತಿ ಅವರ ಊರಿಗೂ ಹೋದ. ಅಲ್ಲೂ ಹೇಳಲಿಲ್ಲ. ಅವತ್ತಿನಿಂದ ಅವನ ಆಟವೇ ಹೋಯಿತು. ಯಾವ ಊರಲ್ಲಿ ಆಡಿದರೂ, ಎದುರಿನವನು ಎಲೆ ಎಸೆದ ಕೂಡಲೇ ಏನಿತ್ತು ಏನಿತ್ತು ಅಂತ ಎತ್ತಿ ನೋಡೋಕೆ ಹೋಗುತ್ತಾನೆ. ಎಸೆದ ಎಲೆ ಎತ್ತುವವನನ್ನು ಯಾರು ಆಟಕ್ಕೆ ಸೇರಿಸಿಕೊಳ್ತಾರೆ? ಈಗ ಪ್ರತಿ ಯುಗಾದಿಗೂ ನಮ್ಮ ಮನೆಗೆ ಬರುತ್ತಾನೆ, ಉಣ್ಣುತ್ತಾನೆ, ಕಾಲು ಮುಟ್ಟುತ್ತಾನೆ, ಅದನ್ನೇ ಕೇಳುತ್ತಾನೆ. ನಾನೂ ಅದನ್ನೇ ಹೇಳುತ್ತೇನೆ.

ಆಮೇಲೆ ನಾನು ಎಷ್ಟು ಟಗರು ಗೆದ್ದೆ ಅಂತ ಹೇಳಲ್ಲ, ಹೇಳಿದರೆ ಬಡಾಯಿ ಅಂತೀರಿ. ಒಂದು ಮಾತ್ರ ಹೇಳ್ತೀನಿ. ನಮ್ಮೂರಲ್ಲಿ ಈಗ ಟೂರ್ನಮೆಂಟಿಗೆ ಟಗರು ತಂದರೆ, ಅದು ಆಟಕ್ಕೆ ಕಾಯದೆ ಹಗ್ಗ ಬಿಚ್ಚಿಕೊಂಡು ಸೀದಾ ನಮ್ಮ ಮನೆ ಬಾಗಿಲಿಗೆ ಬಂದು ನಿಲ್ಲುತ್ತೆ.

ಮಂಚಯ್ಯ ಬೀಗರಿಗೆ ಈಗ ವಯಸ್ಸಾಗಿದೆ. ಹೋದ ಯುಗಾದಿಗೂ ಬಂದಿದ್ದರು. ಚಂದ್ರನನ್ನು ನೋಡಿ ಕೈ ಮುಗಿದ ಮೇಲೆ ನನ್ನ ಕಡೆ ತಿರುಗಿದರು. ತುಟಿ ಅಲ್ಲಾಡಿತು.

"ಬೀಗ್ರೇ, ಈಗ್ಲಾದ್ರೂ?"

"ಬ್ಯಾಡಿ" ಅಂದೆ.

ಇಬ್ಬರೂ ನಕ್ಕೆವು. ಕಂಬಕ್ಕೆ ಒರಗಿದ್ದ ಜವರಪ್ಪ ಮತ್ತೆ ಅಡಿಕೆ ಜಗಿಯೋಕೆ ಶುರು ಮಾಡಿದ. ಕಚಕ್, ಕಚಕ್.

ನೀತಿ: ಮುಚ್ಚಿದ್ದನ್ನೆಲ್ಲ ಎತ್ತಿ ನೋಡಬೇಕು ಅನ್ನುವ ಆತುರವನ್ನು ಗೆದ್ದವನು, ಕೈಯಲ್ಲಿ ಏನಿದ್ದರೂ ಗೆಲ್ಲುತ್ತಾನೆ. ಕೈಗೆ ಬಂದ ಒಳ್ಳೆಯದನ್ನು ಬಿಡಬೇಕಾದ ಹೊತ್ತಿಗೆ ಬಿಡಲಾರದವನು, ಮೂರು ರಾಜರು ಜೊತೆಗಿದ್ದರೂ ಬರಿಗೈಯಲ್ಲಿ ಏಳುತ್ತಾನೆ.